ನೀರಲ್ಲಿ ನಡೆದ ಅತ್ತೆಗೆ

ಪ್ರೀತಿಯ ಅತ್ತೆಯವರಿಗೆ,

ಒಂದೇ ಸೂರಿನಡಿ ಇರುವವರಿಗೆ ಪತ್ರ ಬರೆಯುವುದೇನು ಎಂದು ನೀವು ನಗಬಹುದು. ಎದುರಿಗೆ ನಿಂತು ಹೇಳೋಣವೆಂದರೆ, ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ "ಏನಾಗ್ಬೇಕಿತ್ತು ಈಗ?" ಎಂದು ಕೇಳುವವರು ನೀವು. ನಿಮ್ಮ ಮಗ ಚಿಕ್ಕಂದಿನಲ್ಲಿ ಹೊಗಳಿ ಹೊಗಳಿಯೇ ಸೈಕಲ್ಲು, ಸಿನಿಮಾ ಎಲ್ಲ ಗಿಟ್ಟಿಸಿಕೊಂಡಿದ್ದರಿಂದ ನಿಮಗೆ ಹೊಗಳಿಕೆಯ ಮೇಲಿನ ನಂಬಿಕೆಯೇ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅಚ್ಚಿನ ಮನೆಯಲ್ಲಿ ದಿನವಿಡೀ ಬೇರೆಯವರ ವಾಕ್ಯ ತಿದ್ದುವವಳು ನಾನು. ಇಲ್ಲಿ ತಪ್ಪಿದ್ದರೆ ನೀವು ತಿದ್ದಿ.

ಮದುವೆಯಾದ ಹೊಸದರಲ್ಲಿ ಒಮ್ಮೆ ಮನೆಯ ಬೀಗದ ಕೈ ಕೇಳಲು ನಿಮ್ಮ ಶಾಲೆಗೆ ಬಂದಿದ್ದೆ. ಶಿಶು ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಟೀಚರೇ ಕಾಣಿಸಲಿಲ್ಲ. ಚಾಪೆಯ ಮೇಲೆ ಮಕ್ಕಳ ಗುಂಪು, ಗುಂಪಿನ ನಡುವೆ ನಾಲ್ಕು ಕಾಲಿನ ಆನೆಯಾಗಿ ನೀವು. ಬೆನ್ನ ಮೇಲೊಬ್ಬಳು ಸವಾರಿ ಮಾಡುತ್ತಿದ್ದಳು, ಇನ್ನೊಬ್ಬ ನಿಮ್ಮ ಜಡೆಯನ್ನು ಬಾಲ ಮಾಡಿಕೊಂಡು ಎಳೆಯುತ್ತಿದ್ದ. ನನ್ನನ್ನು ಕಂಡವರೇ ಬೆನ್ನ ಮೇಲಿನವಳನ್ನು ಇಳಿಸಿ, ನೆಲಕ್ಕೆ ಕೈ ಊರದೆ ಚಂಗನೆ ಎದ್ದು ಬಂದಿರಿ. ಮನೆಯಲ್ಲಿ ಅಳೆದು ತೂಗಿ ಮಾತಾಡುವ, ಟವೆಲ್ಲನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸುವ ಅತ್ತೆ ಇವರೇನಾ ಎಂದು ಬೆರಗಾದೆ. ನಮ್ಮಿಬ್ಬರ ನಡುವೆ ಆಗ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಮನೆಯೊಳಗೆ ಒಳ್ಳೆಯ ನೆರೆಹೊರೆಯವರ ಹಾಗೆ ಇದ್ದೆವು.

ಮೊಣಕಾಲು ಯಾವಾಗ ಕೈಕೊಟ್ಟಿತು ಎಂಬುದು ನಮಗೆ ಗೊತ್ತಾಗಲು ನೀವು ಬಿಡಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಚೀಲದಲ್ಲಿ ಏನೋ ಹುಡುಕುವುದು, ಎಲ್ಲರೂ ಎದ್ದು ಹೋದ ಮೇಲೆ ಕುರ್ಚಿಯಿಂದ ಏಳುವುದು, ಇವೆಲ್ಲ ನೆಪಗಳೆಂದು ಆಮೇಲೆ ತಿಳಿಯಿತು. ಔಷಧಿ ಅಂಗಡಿಯವರಿಂದ ನೋವಿನ ಮಾತ್ರೆ ಕೇಳಿ ತಂದು, ತಿಂಡಿಗೆ ಪುರುಸೊತ್ತಿಲ್ಲದ ದಿನ ಬರಿಹೊಟ್ಟೆಗೂ ನುಂಗಿ, ಆನೆಯಾಗುತ್ತಲೇ ಇದ್ದಿರಿ. ಕೊನೆಗೊಂದು ಬೆಳಿಗ್ಗೆ ತರಗತಿಯಲ್ಲೇ ರಕ್ತ ಕಾರಿಕೊಂಡು ಕುಸಿದಿರಿ.

ಆಸ್ಪತ್ರೆಯ ಡಾಕ್ಟರು ನಿಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳಿದ್ದು ನೆನಪಿದೆಯಾ? "ನೋಡಿ ಟೀಚರ್, ಆ ಮಾತ್ರೆಗಳಿಂದಲೇ ಹೊಟ್ಟೇಲಿ ಹುಣ್ಣಾಗಿರೋದು. ಇನ್ಮೇಲೆ ಅವುಗಳ ಸಹವಾಸ ಬೇಡ." ಮೊಣಕಾಲಿನ ಆಪರೇಷನ್ ಬಗ್ಗೆ ನಿಮ್ಮ ಮಗ ಕೇಳಿದ್ದಕ್ಕೆ, ಅಷ್ಟು ಸವೆದಿಲ್ಲ, ಅದಕ್ಕಿನ್ನೂ ಕಾಲ ಬಂದಿಲ್ಲ, ಮೊದಲು ಕಾಲಿಗೆ ಶಕ್ತಿ ಬರಲಿ ಎಂದರು. "ಹಾಗಾದ್ರೆ ನೋವಿಗೆ ಏನು ತಗೊಳ್ಳಲಿ?" ಎಂದು ಕೇಳಿದಿರಿ. "ಏನೂ ತಗೋಬೇಡಿ. ಮಾಡ್ಬೇಕು," ಎಂದು ಅವರು ವ್ಯಾಯಾಮ ಹೇಳಿಕೊಡುವ ಕೋಣೆಯ ಕಡೆ ಕೈ ತೋರಿಸಿದರು. ಮಾತ್ರೆಯಿಲ್ಲದೆ ನೋವು ಕಳೆಯುವುದೆಂದರೆ ನಿಮಗದು ಸಮಾಧಾನಕ್ಕೆ ಹೇಳುವ ಮಾತಿನಂತೆ ಕೇಳಿಸಿತೆಂದು ನಿಮ್ಮ ಮುಖವೇ ಹೇಳುತ್ತಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು ಉಪದೇಶದ ಮಳೆ. ಬಾಯಿಗೊಂದು ಮದ್ದು. ಒಬ್ಬರು ತಾಮ್ರದ ಬಳೆ ಹಾಕಿಕೊಳ್ಳಿ ಎಂದರು, ಇನ್ನೊಬ್ಬರು ಯಾವುದೋ ಎಲೆ ಅರೆದು ಕಟ್ಟಿ ಎಂದರು. ಎದುರು ಮನೆಯ ದೊಡ್ಡಮ್ಮ ಅಯಸ್ಕಾಂತವನ್ನೇ ತಂದುಕೊಟ್ಟರು. ಅದು ಹೋಗಿ ನಿಮ್ಮ ಸೂಜಿಡಬ್ಬಿಗೆ ಅಂಟಿಕೊಂಡಿದ್ದು ಬಿಟ್ಟರೆ ಬೇರೆ ಪ್ರಯೋಜನ ಕಾಣಲಿಲ್ಲ. ಎಲ್ಲವನ್ನೂ ನೀವು ವಿನಯದಿಂದ ಕೇಳಿದಿರಿ, ಯಾವುದನ್ನೂ ನಂಬಲಿಲ್ಲ.

ಅದೇ ದಿನಗಳಲ್ಲಿ ಮುಖ್ಯೋಪಾಧ್ಯಾಯಿನಿ ಬಂದರು. ಒಳ್ಳೆಯ ಹೆಂಗಸು, ನಿಮ್ಮ ಮೇಲೆ ಅಕ್ಕರೆ ಇದ್ದವರು. "ರಜೆ ಮುಗಿದ ಮೇಲೆ ಆಫೀಸಿಗೆ ಬಂದ್ಬಿಡಿ ಟೀಚರ್. ಕೂತು ಮಾಡೋ ಕೆಲಸ, ನಿಮ್ಗೂ ಹಾಯಾಗಿರುತ್ತೆ," ಎಂದರು. ನೀವು "ಆಗಲಿ" ಎಂದಿರಿ. ಅಷ್ಟು ಬೇಗ ಒಪ್ಪಿಕೊಂಡಿದ್ದು ಕಂಡೇ ನನಗೆ ಭಯವಾಯಿತು. ಅವರು ಹೋದ ಮೇಲೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಕಿಟಕಿಯಾಚೆ ಶಾಲೆಯಿಂದ ಮರಳುತ್ತಿದ್ದ ಮಕ್ಕಳನ್ನು ನೋಡುತ್ತಾ ಕೂತಿರಿ. ದೀಪ ಹಾಕಲೂ ಏಳಲಿಲ್ಲ. ನಾನು ಬಂದು ಹಾಕಿದಾಗ ಮುಖ ಆ ಕಡೆ ತಿರುಗಿಸಿಕೊಂಡಿರಿ.

ವ್ಯಾಯಾಮದ ಕೋಣೆಗೆ ಮೊದಲ ಸಲ ನಾನೇ ನಿಮ್ಮನ್ನು ಕರೆದುಕೊಂಡು ಹೋಗಿದ್ದು. ಅಲ್ಲಿ ವ್ಯಾಯಾಮ ಹೇಳಿಕೊಡುವವಳು ನಿಮ್ಮ ಮಗನಿಗಿಂತ ಚಿಕ್ಕವಳು, ಉದ್ದಕ್ಕೆ, ತೆಳ್ಳಗೆ, ನಗುವಿಗೂ ಬಡತನ. ಮರಳುವಾಗಲೇ ಅವಳಿಗೆ "ದಂಡನಾಯಕಿ" ಎಂದು ಹೆಸರಿಟ್ಟುಬಿಟ್ಟಿರಿ. ಅವಳು ಬಾಗಿಲು ತೋರಿಸಿ ವಿವರಿಸಿದ್ದಳು: "ಮೊಣಕಾಲು ಅಂದ್ರೆ ಈ ಬಾಗಿಲಿನ ಕೀಲು ಇದ್ದ ಹಾಗೆ ಟೀಚರ್. ನಿಮ್ಮ ಕೀಲು ಸ್ವಲ್ಪ ಸವೆದಿದೆ, ನಿಜ. ಆದ್ರೆ ಚೌಕಟ್ಟು ಗಟ್ಟಿ ಇದ್ರೆ ಸವೆದ ಕೀಲೂ ಕೆಲಸ ಮಾಡುತ್ತೆ. ನಿಮ್ಮ ತೊಡೆ ಸ್ನಾಯುನೇ ಚೌಕಟ್ಟು. ಅದನ್ನ ಗಟ್ಟಿ ಮಾಡೋಣ." ಸುತ್ತಿದ ಟವೆಲ್ಲನ್ನು ಮೊಣಕಾಲಿನ ಕೆಳಗಿಟ್ಟು ಒತ್ತಿ ಹಿಡಿಯುವುದು, ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಚಾಚಿ ನಿಧಾನಕ್ಕೆ ಇಳಿಸುವುದು, ಕೈಯ ಆಸರೆ ಕಡಿಮೆ ಮಾಡುತ್ತಾ ಕುರ್ಚಿಯಿಂದ ಏಳುವುದು, ಇಷ್ಟೇ ಅವಳ ಮಂತ್ರ. ಬೆಳಿಗ್ಗೆ ಕಾಲು ಬಿಗಿದುಕೊಂಡಿದ್ದರೆ ಬಿಸಿನೀರಿನ ಚೀಲ, ಊದಿಕೊಂಡರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ಎಣ್ಣೆ ಹಚ್ಚಿಕೊಳ್ಳಲಾ ಎಂದು ಕೇಳಿದ್ದಕ್ಕೆ, "ಹಿತ ಅನ್ಸಿದ್ರೆ ಹಚ್ಕೊಳ್ಳಿ. ಆದ್ರೆ ನಿಮ್ಮ ಬದಲು ಎಣ್ಣೆ ವ್ಯಾಯಾಮ ಮಾಡಲ್ಲ," ಎಂದಳು.

ನಿಮ್ಮ ಹಟ ನನಗೆ ಗೊತ್ತಾಗಿದ್ದು ಆಮೇಲೆ. ಅವಳು ಹೇಳಿದ್ದನ್ನು ನೀವು ಮಾಡಿದಿರಿ, ಅವಳು ಹೇಳದ್ದನ್ನೂ ಮಾಡಿದಿರಿ. ಬೇಗ ಗುಣವಾಗಲೆಂದು ಹೊತ್ತು ಗೊತ್ತಿಲ್ಲದೆ ಕಾಲೆತ್ತಿದಿರಿ, ಮೇಲಿನ ಮಹಡಿಯವರೆಗೆ ಮತ್ತೆ ಮತ್ತೆ ಹತ್ತಿಳಿದಿರಿ. ಮೊಣಕಾಲು ಕುಂಬಳಕಾಯಿಯಂತೆ ಊದಿತು. "ಸಾಕಮ್ಮ, ನನ್ನ ಕಾಲು ರಿಟೈರಾಗಿದೆ. ನಾನೂ ಆಗ್ತೀನಿ," ಎಂದು ಟವೆಲ್ಲನ್ನು ಎಸೆದುಬಿಟ್ಟಿರಿ. ಅಂಚಿಗೆ ಅಂಚು ಕೂಡಿಸುವ ಕೈಯಿಂದ ಟವೆಲ್ಲು ಹಾರಿದ್ದನ್ನು ನಾನು ಆ ದಿನವೇ ಕಂಡಿದ್ದು.

ನಾನು ದಂಡನಾಯಕಿಗೆ ಫೋನು ಮಾಡಿದೆ. ಅವಳು ಮನೆಗೇ ಬಂದಳು. ಬೈಯುತ್ತಾಳೆಂದು ನೀವು ಸಿದ್ಧವಾಗಿ ಕೂತಿದ್ದಿರಿ. ಅವಳು ಊತವನ್ನು ಮೆಲ್ಲಗೆ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ಟೀಚರ್, ಶಾಲೆಗೆ ಬಂದ ಮೊದಲನೇ ದಿನವೇ ಮಗು ಕೈಲಿ ಪೂರ್ತಿ ಅಕ್ಷರಮಾಲೆ ಬರೆಸ್ತೀರಾ?"

ನೀವು ನಕ್ಕಿರಿ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಭುಜ ಕುಣಿಯುವ ಹಾಗೆ ನಕ್ಕಿರಿ. "ಇಲ್ಲ ಕಣೆ. 'ಅ' ಒಂದಕ್ಕೇ ವಾರ ತಗೋತೀನಿ," ಎಂದಿರಿ. "ಹಾಗಾದ್ರೆ ನಿಮ್ಮ ಕಾಲಿಗೂ ಅಷ್ಟು ವ್ಯವಧಾನ ಕೊಡಿ. ಮಾಡುವಾಗ ಸ್ವಲ್ಪ ನೋವಾದ್ರೆ ಪರವಾಗಿಲ್ಲ. ಮಾರನೇ ದಿನಕ್ಕೂ ಉಳಿದ್ರೆ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ." ಹೊರಡುವಾಗ ಬಾಗಿಲಲ್ಲಿ ತಿರುಗಿ, "ಊತ ಇಳಿದ ಮೇಲೆ ಈಜುಕೊಳಕ್ಕೆ ಬನ್ನಿ," ಎಂದಳು. ನಿಮ್ಮ ನಗು ಅಲ್ಲಿಗೆ ನಿಂತಿತು.

ನೀರೆಂದರೆ ನಿಮಗೆ ಬಕೆಟ್ಟಿನಲ್ಲಿರಬೇಕಾದ ವಸ್ತು. "ಈ ವಯಸ್ಸಲ್ಲಿ ಈಜೋದಾ? ಜನ ಏನಂದಾರು?" ಎಂದಿರಿ. ಈಜುವುದಲ್ಲ, ಎದೆಮಟ್ಟದ ನೀರಲ್ಲಿ ನಡೆಯುವುದು ಎಂದರೂ ಸಮಾಧಾನವಿಲ್ಲ. ಕಡೆಗೆ ನಾನೂ ಜೊತೆಗೆ ನೀರಿಗಿಳಿಯುತ್ತೇನೆಂದ ಮೇಲೆ ಹೊರಟಿರಿ. ಸಂಜೆ ಹೆಂಗಸರಿಗೆಂದೇ ಬಿಟ್ಟಿರುವ ಹೊತ್ತು. ಮೈತುಂಬ ಮುಚ್ಚುವ ಈಜುಡುಗೆ ತೊಟ್ಟು, ತಲೆಗೆ ರಬ್ಬರ್ ಟೋಪಿ ಹಾಕಿಕೊಂಡು ಕನ್ನಡಿ ನೋಡಿ, "ಮೊಟ್ಟೆ ಥರ ಕಾಣ್ತೀನಿ," ಎಂದಿರಿ. ಕೊಳದ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತವರು ಬಹಳ ಹೊತ್ತು ಅಲ್ಲಾಡಲಿಲ್ಲ. ನಾನು ಕೈ ಚಾಚಿದೆ. ನೀವು ಹಿಡಿದುಕೊಂಡಿರಿ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ನಾವಿಬ್ಬರೂ ಕೈ ಹಿಡಿದಿದ್ದು ಅದೇ ಮೊದಲು, ಅತ್ತೆ. ನೀವು ಗಮನಿಸಿದಿರೋ ಇಲ್ಲವೋ, ನಾನಂತೂ ಗಮನಿಸಿದೆ.

ನೀರು ಎದೆಗೆ ಬಂತು. ಒಂದು ಹೆಜ್ಜೆ ಇಟ್ಟಿರಿ, ಇನ್ನೊಂದು ಇಟ್ಟಿರಿ. ಇದ್ದಕ್ಕಿದ್ದಂತೆ ನಿಂತು ಕಣ್ಣರಳಿಸಿ ನನ್ನನ್ನು ನೋಡಿದಿರಿ. "ಅಯ್ಯೋ! ನನ್ನ ಭಾರ ಎಲ್ಲಿ ಹೋಯ್ತೇ?" ಕೊಳದ ಗೋಡೆಗಳೆಲ್ಲ ಆ ಮಾತನ್ನು ತಿರುಗಿ ಹೇಳಿದವು. "ನೋಯ್ತಾನೇ ಇಲ್ಲ ಕಣೆ. ನಡೀತಿದ್ದೀನಿ, ನೋಯ್ತಿಲ್ಲ!" ನಿಮ್ಮ ಕೆನ್ನೆಯ ಮೇಲೆ ಇಳಿದಿದ್ದು ಕೊಳದ ನೀರೇ ಇರಬೇಕೆಂದು ನಾನು ಆಚೆ ನೋಡಿದೆ.

ಆಮೇಲಿನ ಕಥೆ ಕೊಳಕ್ಕೆ ಬರುವವರಿಗೆಲ್ಲ ಗೊತ್ತು. ಕಂಬಿ ಹಿಡಿದು ಹೆದರಿ ನಿಲ್ಲುತ್ತಿದ್ದ ಬೇರೆ ಹೆಂಗಸರನ್ನೂ ಸಾಲು ಮಾಡಿ, ಹೆಜ್ಜೆಗೊಂದು ಅಕ್ಷರ ಹೇಳಿಸುತ್ತಾ ನಡೆಸಿದಿರಿ. "ಅ, ಆ, ಇ, ಈ..." ಅಜ್ಜಿಯರೆಲ್ಲ ಒಕ್ಕೊರಲಲ್ಲಿ! "ಋ" ಬಂದಾಗ ತಿರುಗುವುದು. ಯಾರಾದರೂ ಹರಟೆಗೆ ನಿಂತರೆ ಮತ್ತೆ ಮೊದಲಿನಿಂದ. ದಂಡನಾಯಕಿ ದಡದಲ್ಲಿ ನಿಂತು, "ನನ್ನ ಕೆಲಸ ಹೋಯ್ತು," ಎಂದು ಅಪರೂಪಕ್ಕೆ ನಕ್ಕಳು.

ನೀವು ಸದ್ದಿಲ್ಲದೆ ಮಾಡಿದ್ದು ಇನ್ನೂ ಎಷ್ಟೋ ಇದೆ. ಮೈಯ ಭಾರ ಇಳಿದರೆ ಕಾಲಿಗೆ ಹೊರೆ ಕಡಿಮೆ ಎಂದು ತಿಳಿದ ದಿನದಿಂದ ಕಾಫಿಗೆ ಸಕ್ಕರೆ ನಿಂತಿತು, ಎರಡನೇ ಸಲ ಬಡಿಸಿಕೊಳ್ಳುವುದೂ ನಿಂತಿತು. ಯಾರಿಗೂ ಡಂಗುರ ಸಾರಲಿಲ್ಲ. ಕೋಲು ಹಿಡಿಯಲು ಮಾತ್ರ ನಿಮ್ಮ ಅಭಿಮಾನ ಅಡ್ಡ ಬಂತು. ನೋವು ಬಲಗಾಲಿಗಾದರೆ ಕೋಲು ಎಡಗೈಗೆ ಎಂದು ದಂಡನಾಯಕಿ ಹೇಳಿಕೊಟ್ಟ ಹಾಗೆ ಹಿಡಿದು ಬೀದಿ ದಾಟಿದ ದಿನ, ಗಾಡಿಗಳೆಲ್ಲ ನಿಂತು ದಾರಿ ಬಿಟ್ಟವು. "ಮೊದಲೇ ಹಿಡೀಬೇಕಿತ್ತು ಇದನ್ನ, ಪೊಲೀಸರಿಗಿಂತ ಮೇಲು," ಎಂದಿರಿ.

ರಜೆ ಮುಗಿಯುವ ಮುನ್ನ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನಡೆದೇ ಹೋದಿರಿ. ಜೊತೆಗೆ ನಾನಿದ್ದೆ. "ಆಫೀಸು ಬೇಡ ಮೇಡಂ. ನನ್ನ ತರಗತಿ ನನಗೆ ಕೊಡಿ," ಎಂದಿರಿ. ಅವರು ಹಿಂಜರಿಯುತ್ತಾ, "ನೆಲದ ಮೇಲೆ ಕೂರೋಕೆ ಆಗುತ್ತಾ ಟೀಚರ್?" ಎಂದು ಕೇಳಿದರು. ನೀವು ಆಗುತ್ತದೆ ಎಂದು ಸುಳ್ಳು ಹೇಳುತ್ತೀರೆಂದುಕೊಂಡಿದ್ದೆ. "ಆಗಲ್ಲ," ಎಂದಿರಿ. "ಇನ್ನು ಆಗೋದೂ ಇಲ್ಲ. ನಾನು ಕೆಳಗಿಳಿಯೋಕೆ ಆಗದಿದ್ರೆ ಮಕ್ಕಳನ್ನ ಮೇಲೆ ಹತ್ತಿಸ್ತೀನಿ. ಅವರ ಕಣ್ಣು ನನ್ನ ಕಣ್ಣಿಗೆ ಸಮ ಬಂದ್ರೆ ಸಾಕು." ಬಡಗಿಯನ್ನು ಕರೆಸಿ ಕೋಣೆಯ ಒಂದು ಬದಿಗೆ ಅಗಲವಾದ ಮರದ ಜಗಲಿ ಮಾಡಿಸಿದಿರಿ, ಅಂಚಿಗೆ ಕಟಕಟೆ, ಹತ್ತಲು ಪುಟ್ಟ ಮೆಟ್ಟಿಲು. ಅದರ ಮೇಲೆ ಮಕ್ಕಳು, ಎದುರಿಗೆ ಎತ್ತರದ ಕುರ್ಚಿಯಲ್ಲಿ ನೀವು. ಮಕ್ಕಳಿಗೆ ಅದು ಹಡಗು. ನೀವು ಸಮುದ್ರದ ಮೀನಂತೆ. ಮೇಡಂ ಬಾಗಿಲಲ್ಲಿ ನಿಂತು ನೋಡಿ, ಕಣ್ಣೊರೆಸಿಕೊಂಡು ಹೋದರಂತೆ.

ನೋವು ಪೂರ್ತಿ ಹೋಗಿಲ್ಲ, ಬಲ್ಲೆ. ಎದುರು ಮನೆಯ ದೊಡ್ಡಮ್ಮ ಕೇಳಿದಾಗ ನೀವೇ ಹೇಳಿದಿರಲ್ಲ: "ನೋವು ಬಾಡಿಗೆಗಿದೆ, ಮನೆ ನಂದು." ಆ ಮಾತನ್ನು ಅಚ್ಚಿನ ಮನೆಯಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ.

ಇಷ್ಟನ್ನೂ ಇವತ್ತೇ ಯಾಕೆ ಬರೆದೆ ಗೊತ್ತೇ? ಬೆಳಿಗ್ಗೆ ಚಳಿಗೆ ನಿಮ್ಮ ಕಾಲು ಬಿಗಿದುಕೊಂಡಿತ್ತು. ನಾನು ಅಡುಗೆಮನೆಯಲ್ಲಿದ್ದೆ. ನೀವು ಕೋಣೆಯಿಂದ ಕರೆದಿರಿ. "ಬಾರೆ ಇಲ್ಲಿ. ಇವತ್ತು ತುಂಬಾ ನೋಯ್ತಿದೆ. ಬಿಸಿನೀರಿನ ಚೀಲ ತುಂಬಿಸಿ ಕೊಡು. ಹಾಗೇ ಸ್ವಲ್ಪ ಹೊತ್ತು ಜೊತೇಲಿ ಕೂತ್ಕೊ." ತಂದುಕೊಟ್ಟು ಕೂತೆ. ಶಾಲೆಗೆ ಫೋನು ಮಾಡಿ, ತಡವಾಗಿ ಬರ್ತೀನಿ, ಕಾಲುನೋವು ಎಂದು ಸಂಕೋಚವಿಲ್ಲದೆ ಹೇಳಿದಿರಿ. ಬಿಸಿ ತಾಗಿ ಕಾಲು ಸಡಿಲಾಗುವವರೆಗೂ ನನ್ನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಿರಿ. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಕೋಲು ಹಿಡಿದು ಹೊರಟಿರಿ. ನನ್ನ ಭುಜ ಇನ್ನೂ ಬೆಚ್ಚಗಿದೆ, ಅತ್ತೆ.

ಹಿರಿಯರನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ಇದೊಂದು ಸಲ ತಿದ್ದಬೇಡಿ: ನಿಮ್ಮ ಹೆಜ್ಜೆ ಹಗುರಾಗಿರಲಿ, ಹಗುರಾಗದ ದಿನ ನನ್ನ ಭುಜ ಹತ್ತಿರವಿರಲಿ.

ಸಂಜೆ ಕೊಳಕ್ಕೆ ಹೊರಡುವಾಗ ನನಗಾಗಿ ಕಾಯಿರಿ.

ನಿಮ್ಮ
ಸೊಸೆ