ಒಣಗಿದ ಸೌರಕೋಶ

ಮೊಂಡಿ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ನೀನು ಒಡೆದೂ ನೋಡುವುದಿಲ್ಲ, ಗೊತ್ತು. ಆದರೂ ಇವತ್ತು ಲ್ಯಾಬಿನಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹೊಸ ಸೌರಕೋಶಗಳಿಗೆ ಗಾಜು ಸಾಲದೆ ಕೆಟ್ಟ ಕೋಶಗಳನ್ನು ಹಾಕಿಡುವ ರದ್ದಿ ಡಬ್ಬಿಗೆ ಕೈಹಾಕಿದೆ. ಕೆರೆದು ತೊಳೆಯೋಣವೆಂದು ಎತ್ತಿಕೊಂಡದ್ದು ನಿನ್ನ ಕೋಶ. ನೀನು ಅರೆದು ಅರೆದು ಬಳಿದಿದ್ದ ನ್ಯಾನೋ ಪುಡಿಯ ಪದರ, ಅದು ಕುಡಿದಿದ್ದ ಕೆಂಪು ಬಣ್ಣ ಹಾಗೇ ಇದ್ದವು. ಗಾಜುಗಳ ನಡುವೆ ಕರೆಂಟು ಸಾಗಿಸಬೇಕಾದ ದ್ರವ ಮಾತ್ರ ಪೂರ್ತಿ ಒಣಗಿತ್ತು. ಸುಮ್ಮನೆ ಕುತೂಹಲಕ್ಕೆ ದೀಪದ ಕೆಳಗಿಟ್ಟು ಮೀಟರಿಗೆ ಜೋಡಿಸಿದೆ. ಮುಳ್ಳು ಎದ್ದಿತು, ಹಸಿಯಿದ್ದಾಗಿನದಕ್ಕಿಂತ ಮೇಲಕ್ಕೆ. ಕೈ ಅಡ್ಡ ಹಿಡಿದರೆ ಇಳಿಯಿತು, ತೆಗೆದರೆ ಏರಿತು. ಹೊರಗಿಟ್ಟಿದ್ದ ಚಹಾ ಆರಿಹೋಗುವವರೆಗೂ ಇದೇ ಆಟ ಆಡಿದೆ.

ಪದರದ ಸಣ್ಣ ಸಣ್ಣ ರಂಧ್ರಗಳೊಳಗೆ ದ್ರವ ಗಟ್ಟಿಯಾಗಿ ಕೂತು ಕರೆಂಟು ದಾಟಿಸುತ್ತಿದೆಯೇ? ಈ ಕೋಶ ಮಾಡಿದ ದಿನ ನೀನು ಹೇಳಿದ್ದೂ ಇದನ್ನೇ ಅಲ್ಲವೇ? "ಅಂಚು ಸೀಲ್ ಮಾಡ್ಬೇಡ ಕಣೇ, ದ್ರವ ಒಣಗ್ಲಿ. ಒಂದು ವಾರ ಬಿಟ್ಟು ನೋಡೋಣ."

"ಬತ್ತಿದ ಬಾವೀಲಿ ನೀರು ಸೇದ್ತಾಳಂತೆ ಇವಳು," ಎಂದು ನಾನು ಎಲ್ಲರನ್ನೂ ನಗಿಸಿ, ನಿನ್ನೆದುರೇ ಅದನ್ನು ಡಬ್ಬಿಗೆ ಹಾಕಿದ್ದೆ. ಮರುದಿನದಿಂದ ನೀನು ಬರಲಿಲ್ಲ.

ಹೇಗೆ ಹೊಳೆಯಿತು ನಿನಗೆ?

ಲ್ಯಾಬ್ ಪುಸ್ತಕದಲ್ಲಿ ಇವತ್ತಿನ ತಾರೀಕು ಹಾಕಿದೆ. 'ಕೋಶ ಮಾಡಿದವರು' ಎಂಬಲ್ಲಿ ನಿನ್ನ ಹೆಸರು ಬರೆದೆ. 'ಒಣಗಲು ಬಿಟ್ಟ ಅವಧಿ' ಎಂಬಲ್ಲಿ ನಾಲ್ಕು ವರ್ಷ ಎಂದು ಬರೆಯಬೇಕಾಯಿತು.