ಹಾಯಿದೋಣಿಗೆ ಮೊದಲು ನೀನು ಹತ್ತು

ತಂಗೀ,

ಹಳೇ ಹಾಯಿದೋಣಿಯೊಂದು ಮಾರಾಟಕ್ಕಿದೆಯಂತೆ, ನೋಡಲು ಹೋಗಿದ್ದೇನೆ. ನಿನ್ನ ಮರದ ಸೌಟು ಹುಡುಕಬೇಡ, ನನ್ನ ಚೀಲದಲ್ಲಿದೆ. ಅದರಿಂದ ಹಲಗೆ ಬಡಿದರೆ ಗಟ್ಟಿ ಮರ ಟಕ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. ಅಪ್ಪ ಹಾಗೇ ನೋಡುತ್ತಿದ್ದರು.

ಹಾಲು ಕಾಸಿಟ್ಟಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮರೆತೆ ಅನ್ನಬೇಡ.

‘ನೆಟ್ಟಗೆ ನಡೆಯೋಕಾಗಲ್ಲ, ದೋಣಿ ಬೇಕಂತೆ’ ಅಂದೆಯಲ್ಲ ನಿನ್ನೆ. ಅನ್ನು. ಚಿಕ್ಕಂದಿನಲ್ಲಿ ಅಪ್ಪ ದಿನಾ ತಮ್ಮ ದೋಣಿಯಲ್ಲಿ ನನ್ನನ್ನು ಕೂರಿಸಿಕೊಂಡು ನಿನಗೆ ‘ನಾಳೆ’ ಅನ್ನುತ್ತಿದ್ದರು. ನೀನು ದೋಣಿಕಟ್ಟೆಯ ಮೆಟ್ಟಿಲ ಮೇಲೆ ನಿಂತು ಕೈಬೀಸುತ್ತಿದ್ದೆ. ಆ ನಾಳೆ ಬರುವ ಮೊದಲೇ ದೋಣಿ ಮಾರಿಬಿಟ್ಟರು.

ಸಮುದ್ರಕ್ಕೆ ಹೋಗೋದು ಬೇಡ, ಕೊಲ್ಲಿಯೊಳಗೆ ಅಲೆಯಿಲ್ಲದ ನೀರಲ್ಲೇ ಸುತ್ತೋಣ.

ನಾಲ್ಕು ಗಂಟೆಗೆ ಅದೇ ಮೆಟ್ಟಿಲ ಹತ್ತಿರ ಬಾ. ಮರ ಗಟ್ಟಿಯಿದ್ದರೆ ಮೊದಲು ನೀನು ಹತ್ತಿ ಕೂತು ನೋಡು, ಆಮೇಲೆ ಮಾರುವವರಿಗೆ ಮಾತು ಕೊಡುತ್ತೇನೆ. ಅಲ್ಲಿಯವರೆಗೆ ಮೆಟ್ಟಿಲ ಮೇಲೆ ನಾನು ನಿಂತಿರುತ್ತೇನೆ.

ಅಣ್ಣ