ಮೆಷಿನ್ನಿನದು ತಪ್ಪಿರಲಿಲ್ಲ

ಮೆಷಿನ್ ರಿಪೇರಿಯ ಅಣ್ಣನಿಗೆ ನಮಸ್ಕಾರ.

ರಕ್ತಕಣ ಪರೀಕ್ಷಿಸುವ ಮೆಷಿನ್ ಕೆಟ್ಟಿದೆ ಎಂದು ನಿಮ್ಮನ್ನು ಮೂರು ಸಲ ಕರೆಸಿ ಬೈದಿದ್ದೆ. ಕಿಡ್ನಿ ರೋಗಿಗಳ ರಕ್ತದೊಂದಿಗೆ ಹೋಲಿಸಲು ನಮ್ಮ ಲ್ಯಾಬಿನಲ್ಲಿ ಆರೋಗ್ಯವಂತಳೆಂದು ರಕ್ತ ಕೊಡುವವಳು ನಾನೇ. ಆ ನನ್ನ ರಕ್ತದಲ್ಲೂ ರೋಗಿಗಳಲ್ಲಿ ಕಾಣುವಂಥ ದಾರಿತಪ್ಪಿದ ಬಿಳಿ ಕಣಗಳೇ ಕಂಡವು. "ಮೇಡಂ, ಮೆಷಿನ್ ಗುಂಡುಕಲ್ಲಿನ ಹಾಗಿದೆ. ನೀವೇ ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ" ಅಂದಿರಿ. ನಾನು ಕೆಂಡವಾದೆ.

ತೋರಿಸಿಕೊಂಡೆ. ಮೈ ಕಾಯಬೇಕಾದ ಕಣಗಳು ನನ್ನ ಕಿಡ್ನಿಯ ಮೇಲೆಯೇ ತಿರುಗಿಬಿದ್ದಿವೆಯಂತೆ. ಬೇಗ ಗೊತ್ತಾಯಿತು, ಹತೋಟಿಗೆ ಬರುತ್ತದೆ. ಮಾತ್ರೆ ನುಂಗುತ್ತಿದ್ದೇನೆ.

ಸೋಮವಾರ ಬಂದು ಮೆಷಿನ್ನಿಗೆ ಹಳೆಯ ಸೆಟ್ಟಿಂಗ್ ಕೂರಿಸಿಕೊಡಿ. ಅವತ್ತು ನೀವು ಹೋದ ಮೇಲೆ, ನನ್ನ ರಕ್ತ ಸರಿಯೆಂದು ತೋರಿಸುವವರೆಗೆ ನಾನದನ್ನು ತಿರುಚಿಟ್ಟಿದ್ದೆ. ಆಮೇಲೆ ಬಂದ ರೋಗಿಗಳ ರಕ್ತವನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಮೊದಲ ಟ್ಯೂಬ್ ನನ್ನದೇ ಇರಲಿ, ಈ ಸಲ ರೋಗಿಗಳ ಸಾಲಿನಲ್ಲಿ.

ನಿಮ್ಮ ಜಗಳಗಂಟಿ,
ಲ್ಯಾಬಿನ ತಂಗಿ